ಕೊಟ್ಟಿಗೆಯ ಕರೆಂಟು: ಮೊದಲು ತಿಳಿಯುವುದು ಹಸುವಿಗೆ

(ಹಾಲು ಉತ್ಪಾದಕರ ಸಹಕಾರ ಸಂಘದ ಸದಸ್ಯರ ಸಭೆಯಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಕೆಚ್ಚಲು ಬಾವು, ಬಂಜೆತನದ ಬಗ್ಗೆ ಮಾತನಾಡುತ್ತೇನೆಂದು ತಾವು ತಿಳಿದಿರಬಹುದು. ಇಂದು ಕೊಟ್ಟಿಗೆಯ ಕರೆಂಟಿನ ವಿಷಯ ಹೇಳಬೇಕಾಗಿದೆ.

ಕೆಲವು ವರ್ಷಗಳ ಹಿಂದೆ ಮಳೆಗಾಲದಲ್ಲಿ ಸದಸ್ಯರೊಬ್ಬರು ನನ್ನನ್ನು ಕರೆಸಿದರು. ಅವರ ಹಸು ಎಂಟು ದಿನಗಳಿಂದ ಸೊರೆ ಬಿಡುತ್ತಿರಲಿಲ್ಲ. ಕರೆಯಲು ಕೂತರೆ ಒದೆಯುತ್ತಿತ್ತು. ಗೋದಲಿಯ ಕಬ್ಬಿಣದ ಕಂಬಿಗೆ ಮೂತಿ ತಾಗಿದರೆ ಹಿಂದಕ್ಕೆ ಸರಿಯುತ್ತಿತ್ತು. ಜ್ವರವಿಲ್ಲ, ಬಾವಿಲ್ಲ. ದೃಷ್ಟಿ ತಾಕಿದೆ ಎಂದರು ಮನೆಯವರು. ನಾನು ಕ್ಯಾಲ್ಸಿಯಂ ಕೊಟ್ಟು ಬಂದೆ. ಮೂರನೆಯ ದಿನ ಹಸು ಕಟ್ಟಿದಲ್ಲೇ ಸತ್ತಿತು. ಆಗ ನೋಡಿದರೆ, ಕಬ್ಬಿಣದ ಕಂಬಕ್ಕೆ ಸುತ್ತಿದ್ದ ಬಲ್ಬಿನ ವೈರಿನ ಸಿಪ್ಪೆ ಸವೆದು ತಂತಿ ಕಂಬಕ್ಕೆ ತಾಗಿತ್ತು. ಎಂಟು ದಿನ ಹಸು ಅದನ್ನೇ ಹೇಳುತ್ತಿತ್ತು. ನನಗೂ ಅರ್ಥವಾಗಲಿಲ್ಲ.

ಹಾಲು ಕರೆಯುವ ತಾಯಿಗೆ ಏಕೆ ತಿಳಿಯಲಿಲ್ಲ? ಅವರ ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು. ಹಸುವಾದರೋ ಗಂಜಲದಲ್ಲಿ ನೆನೆದ ನೆಲದ ಮೇಲೆ ಬರಿಗಾಲಲ್ಲಿ ನಿಂತಿರುತ್ತದೆ. ಅದರ ಮೈ ಕರೆಂಟನ್ನು ನಮ್ಮ ಮೈಗಿಂತ ಸುಲಭವಾಗಿ ಹರಿಯಬಿಡುತ್ತದೆ. ಮುಂಗಾಲಿನಿಂದ ಹಿಂಗಾಲಿಗೆ ಹರಿಯುವ ಕರೆಂಟು ಎದೆಯ ಮೂಲಕವೇ ಹೋಗುತ್ತದೆ. ಆದ್ದರಿಂದಲೇ ಮನುಷ್ಯರಿಗೆ ಸಾಮಾನ್ಯವಾಗಿ 50 ವೋಲ್ಟ್ ಮಿತಿ ಇಟ್ಟರೆ, ದನ ಕಟ್ಟುವ ಕಡೆಗೆ 25 ವೋಲ್ಟ್ ಮಿತಿ ಇಡುವುದು ರೂಢಿ. ಭಾರತೀಯ ಮಾನಕ ಬ್ಯೂರೋದ ರಾಷ್ಟ್ರೀಯ ವಿದ್ಯುತ್ ಸಂಹಿತೆಯಲ್ಲಿ ಕೃಷಿ ಕಟ್ಟಡಗಳಿಗೆಂದೇ ಒಂದು ಭಾಗವಿದೆ. ಕೊಟ್ಟಿಗೆಯೂ ಕಟ್ಟಡವೇ ಎಂಬುದನ್ನು ನಾವು ಮರೆತಿದ್ದೇವೆ.

ಈಗ ಮಾಡಬೇಕಾದ ಕೆಲಸಗಳು:

1. ಕೊಟ್ಟಿಗೆಯ ಲೈನಿಗೆ 30 ಮಿಲಿಆಂಪಿಯರ್‌ನ ಆರ್.ಸಿ.ಸಿ.ಬಿ. ಹಾಕಿಸಿ. ಫ್ಯೂಸು, ಎಂ.ಸಿ.ಬಿ. ಇದೆಯಲ್ಲ ಎನ್ನಬೇಡಿ. ಅವು ವೈರು ಸುಡದಂತೆ ಕಾಯುತ್ತವೆ. ಸೋರುವ ಕರೆಂಟಿನಿಂದ ಜೀವ ಕಾಯುವುದು ಇದು. ಅದರ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ.

2. ಅರ್ಥಿಂಗ್ ಐ.ಎಸ್. 3043 ಮಾನಕದಂತಿರಲಿ. ಜಿ.ಐ. ಪೈಪಾದರೆ ಎರಡೂವರೆ ಮೀಟರಾದರೂ ನೆಲದೊಳಗಿರಬೇಕು. ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕಿ. ಕಬ್ಬಿಣದ ಕಂಬ, ಗೋದಲಿಯ ಕಂಬಿ, ಮೇವು ಕತ್ತರಿಸುವ ಯಂತ್ರದ ಮೋಟಾರು, ಇವೆಲ್ಲಕ್ಕೂ ಅರ್ಥ್ ತಂತಿ ಸೇರಿಸಿ.

3. ವೈರು ಪೈಪಿನೊಳಗೆ, ದನದ ಬಾಯಿಗೂ ಕೊಂಬಿಗೂ ಎಟುಕದಂತೆ ಹಾಯಲಿ. ಕೆಲಸ ಪರವಾನಗಿ ಇರುವ ವೈರ್‌ಮನ್‌ನಿಂದಲೇ ಆಗಲಿ. ಟೆಸ್ಟರ್ ಹತ್ತಲಿಲ್ಲವೆಂದು ನಿಶ್ಚಿಂತರಾಗಬೇಡಿ. ಹಸುವನ್ನು ಕಾಡುವಷ್ಟು ಸೋರಿಕೆಗೆ ಅದು ಹತ್ತದಿರಬಹುದು. ಮೀಟರಿನಿಂದ ಅಳೆಸಿ.

4. ಸಡಿಲ ಜಾಯಿಂಟಿನ ಒಂದು ಕಿಡಿ ಒಣಹುಲ್ಲಿಗೆ ಸಾಕು. ಬಣವೆಯನ್ನು ಕೊಟ್ಟಿಗೆಗೆ ಅಂಟಿಸಿ ಒಟ್ಟಬೇಡಿ, ವಿದ್ಯುತ್ ಲೈನಿನ ಕೆಳಗಂತೂ ಬೇಡವೇ ಬೇಡ. ನೊಣಕ್ಕೆಂದು ಹಾಕಿದ ಹೊಗೆಯ ಬೆಂಕಿಯನ್ನು ನಂದಿಸಿಯೇ ಮಲಗಿ. ರಾಸುಗಳನ್ನು ಒಂದೇ ಎಳೆತಕ್ಕೆ ಬಿಚ್ಚುವ ಗಂಟಿನಿಂದ ಕಟ್ಟಿ.

ಶಾಕ್ ಹೊಡೆದು ಹಸು ಬಿದ್ದರೆ ಅದನ್ನು ಮುಟ್ಟಬೇಡಿ, ಹಗ್ಗ ಹಿಡಿಯಬೇಡಿ. ಮೊದಲು ಮೈನ್ ಸ್ವಿಚ್ ಆರಿಸಿ. ಹೊರಗಿನ ಲೈನು ಕಡಿದು ಬಿದ್ದಿದ್ದರೆ ದೂರ ನಿಂತು 1912ಕ್ಕೆ ಫೋನ್ ಮಾಡಿ. ಹಸುವಿನ ಹಿಂದೆ ಮನೆಯ ಯಜಮಾನನೂ ಹೋದರೆ ಆ ಸಂಸಾರದ ಗತಿಯೇನು?

ಹಸು ಕಾರಣವಿಲ್ಲದೆ ಹಾಲು ಕಡಿಮೆ ಮಾಡಿದರೆ, ಒದ್ದರೆ, ನೀರಿಗೆ ಅಂಜಿದರೆ, ನನ್ನನ್ನು ಖಂಡಿತ ಕರೆಯಿರಿ. ಆದರೆ ನಾನು ಬರುವ ಮೊದಲೇ ಮೈನ್ ಆರಿಸಿ, ಹಸುವನ್ನು ಹೊರಗೆ ಮರದಡಿ ಕಟ್ಟಿ ಹಾಲು ಕರೆದು ನೋಡಿ. ಅಲ್ಲಿ ಸುಮ್ಮನೆ ಹಾಲು ಕೊಟ್ಟರೆ ಔಷಧಿ ಬೇಕಾಗಿರುವುದು ಹಸುವಿಗಲ್ಲ, ಕೊಟ್ಟಿಗೆಗೆ.