ನೂಲಿನ ನಂಬರು, ಬಟ್ಟೆಯ ತೂಕ

ಬೆಟ್ಟ ಹತ್ತಲು ಹೊರಟ ಮಗನಿಗೆ ಚೀಲ ಕೊಳ್ಳುವಾಗ ‘600 ಡೆನಿಯರ್’ ಎಂಬ ಚೀಟಿಯೊಂದನ್ನೇ ನಂಬಬೇಡಿ. 9000 ಮೀಟರು ನೂಲು ಎಷ್ಟು ಗ್ರಾಂ ತೂಗುವುದೋ ಅಷ್ಟು ಡೆನಿಯರ್. ಅಂಕಿ ಏರಿದಷ್ಟೂ ನೂಲು ದಪ್ಪ. ಹತ್ತಿಯ ನಂಬರು ಇದಕ್ಕೆ ತಿರುಗುಮುರುಗು: ಒಂದು ಪೌಂಡಿನಲ್ಲಿ 840 ಗಜದ ಲಡಿಗಳು ಎಷ್ಟಿರುವುವೋ ಅದೇ ನಂಬರು, ಆದ್ದರಿಂದ 20ಕ್ಕಿಂತ 80 ನವುರು.

ಬಟ್ಟೆಯ ತೂಕವೇ ಬೇರೆ; ಅದನ್ನು ಚದರ ಮೀಟರಿಗೆ ಇಷ್ಟು ಗ್ರಾಂ ಎಂದು ಹೇಳುತ್ತಾರೆ. ದಪ್ಪ ನೂಲನ್ನೂ ವಿರಳವಾಗಿ ನೇಯ್ದರೆ ಬಟ್ಟೆ ಹಗುರವಾದೀತು. ಲೇಪ ಬಳಿದರೆ ಭಾರವಾದೀತು. ನೀರನ್ನು ತಡೆಯುವುದು ನೂಲಿನ ದಪ್ಪವಲ್ಲ. ಒತ್ತಾದ ನೇಯ್ಗೆ, ಒಳ್ಳೆಯ ಲೇಪ, ಪಟ್ಟಿ ಅಂಟಿಸಿದ ಹೊಲಿಗೆ.

ಆದಕಾರಣ ನೂಲು, ತೂಕ, ಲೇಪ ಮೂರನ್ನೂ ವಿಚಾರಿಸಿ. ಮಲೆನಾಡಿನ ಮಳೆಯಲ್ಲಿ ಚೀಲದೊಳಗಿನ ಕಂಬಳಿ ನೆನೆದರೆ, ಚೀಟಿಯ ದೊಡ್ಡ ಅಂಕಿ ಹುಡುಗನನ್ನು ಬೆಚ್ಚಗಿಡದು.