ಹಿಮ್ಮಡಿ ನರದ ನೋವು: ಕಾರಣ ಮತ್ತು ಪರಿಹಾರ

(ರೈತ ತರಬೇತಿ ಶಿಬಿರದಲ್ಲಿ ವೈದ್ಯರೊಬ್ಬರು ನೀಡಿದ ಉಪನ್ಯಾಸದ ಬರಹರೂಪ)



ಭತ್ತದ ತಳಿ, ಗೊಬ್ಬರ, ಕೀಟ, ರೋಗಗಳ ಬಗ್ಗೆ ಈ ಶಿಬಿರದಲ್ಲಿ ತಜ್ಞರಿಂದ ಸಾಕಷ್ಟು ಕೇಳಿದ್ದೀರಿ. ನಾನು ಬೆಳೆಯ ವೈದ್ಯನಲ್ಲ, ಮನುಷ್ಯರ ವೈದ್ಯ. ಆದ್ದರಿಂದ ಬೆಳೆಯುವವರ ಕಾಲಿನ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಎತ್ತು ಕುಂಟಿದರೆ ಅಂದೇ ಪಶುವೈದ್ಯರ ಬಳಿಗೆ ಹೊಡೆದುಕೊಂಡು ಹೋಗುವ ನಾವು, ನಮ್ಮ ಕಾಲು ಕುಂಟಿದರೆ ಆರು ತಿಂಗಳು ಸುಮ್ಮನಿರುತ್ತೇವೆ. ಹೀಗೆ ಸುಮ್ಮನಿದ್ದು ಕೆಡಿಸಿಕೊಳ್ಳುವ ನೋವುಗಳಲ್ಲಿ ಹಿಮ್ಮಡಿ ನರದ ನೋವು ಒಂದು.

ಕೆಲವು ವರ್ಷಗಳ ಹಿಂದೆ ಐವತ್ತು ದಾಟಿದ ರೈತರೊಬ್ಬರು ನನ್ನಲ್ಲಿಗೆ ಬಂದರು. ಬೆಳಿಗ್ಗೆ ಹಾಸಿಗೆಯಿಂದ ಎದ್ದು ಹತ್ತು ಹೆಜ್ಜೆ ಇಡುವುದೇ ಕಷ್ಟ, ಆಮೇಲೆ ಸಡಿಲವಾಗುತ್ತದೆ, ಸಂಜೆ ಮತ್ತೆ ನೋವು ಎಂದರು. ಮೂರು ವಾರ ವಿಶ್ರಾಂತಿ ತೆಗೆದುಕೊಳ್ಳಿ ಎಂದು ಹೇಳಿ ಕಳುಹಿಸಿದೆ. ಅವರು ಹಾಗೆಯೇ ಮಾಡಿದರು, ನೋವು ಹೋಯಿತು. ಕೆಸರು ಗದ್ದೆಗೆ ಇಳಿದ ನಾಲ್ಕನೆಯ ದಿನ ಮತ್ತೆ ಬಂತು. ನಾಟಿಯ ಕಾಲ, ಆಳುಗಳು ಸಿಗುವುದಿಲ್ಲ, ನೀರು ನಿಂತಿದೆ. ಅವರು ಬೇರೆಲ್ಲೋ ಹೋಗಿ ನೋವಿರುವ ಜಾಗಕ್ಕೇ ಚುಚ್ಚುಮದ್ದು ಹಾಕಿಸಿಕೊಂಡರು. ನೋವು ಮಾಯವಾಯಿತು. ಕೆಲವೇ ದಿನಗಳಲ್ಲಿ ಸಸಿಯ ಕಟ್ಟು ಹೊತ್ತು ಬದು ಹತ್ತುವಾಗ ಹಿಂದಿನಿಂದ ಯಾರೋ ಕೋಲಿನಲ್ಲಿ ಹೊಡೆದಂತಾಯಿತು. ತಿರುಗಿ ನೋಡಿದರೆ ಯಾರೂ ಇರಲಿಲ್ಲ. ನರ ಕಿತ್ತುಹೋಗಿತ್ತು. ಆ ವರ್ಷ ಅವರು ಗದ್ದೆಯನ್ನು ಪಾಲಿಗೆ ಕೊಡಬೇಕಾಯಿತು.

ಚುಚ್ಚುಮದ್ದು ತಪ್ಪು, ನಿಜ. ಆದರೆ ವಿಶ್ರಾಂತಿ ಎಂಬ ಒಂದೇ ಮಾತು ಹೇಳಿ ಕಳುಹಿಸಿದ ನನ್ನ ಸಲಹೆಯೂ ಅರ್ಧ ಸಲಹೆಯೇ ಆಗಿತ್ತು. ಉಳಿದ ಅರ್ಧವನ್ನು ನಿಮಗಾದರೂ ಹೇಳಬೇಕೆಂದು ಬಂದಿದ್ದೇನೆ.

ಈ ನರ ಎಂದರೇನು?

ಎತ್ತಿನ ಹಿಂಗಾಲಿನಲ್ಲಿ, ಹಿಂದಕ್ಕೆ ಚಾಚಿದ ಗಂಟಿನ ಮೇಲೆ ಹಗ್ಗದಂತೆ ಬಿಗಿದು ನಿಂತಿರುವುದನ್ನು ನೀವೆಲ್ಲ ನೋಡಿದ್ದೀರಿ. ನಮ್ಮ ಕಾಲಿನಲ್ಲಿಯೂ ಅದೇ ಇದೆ. ಮೀನಗಂಡದ ಮಾಂಸವು ಕೆಳಗೆ ಬರುತ್ತಾ ಕಿರಿದಾಗಿ, ಸುಮಾರು 15 ಸೆಂಟಿಮೀಟರ್ ಉದ್ದದ ಹುರಿಯಾಗಿ ಹಿಮ್ಮಡಿ ಮೂಳೆಗೆ ಅಂಟಿಕೊಳ್ಳುತ್ತದೆ. ನಾವು ಇದನ್ನು ನರ ಎನ್ನುತ್ತೇವೆ. ಸ್ಪರ್ಶ, ನೋವು ತಿಳಿಸುವ ನರ ಇದಲ್ಲ; ವೈದ್ಯರು ಸ್ನಾಯುರಜ್ಜು ಎನ್ನುವುದು ಇದನ್ನೇ. ಪಾಶ್ಚಾತ್ಯರು ಗ್ರೀಕ್ ಪುರಾಣದ ವೀರ ಅಕಿಲಿಸ್‌ನ ಹೆಸರಿನಿಂದ ಕರೆಯುತ್ತಾರೆ. ಅವನ ದೇಹದಲ್ಲಿ ಗಾಯವಾಗಬಲ್ಲ ಜಾಗ ಹಿಮ್ಮಡಿ ಒಂದೇ ಆಗಿತ್ತಂತೆ. ನಮ್ಮ ಕೃಷ್ಣನಿಗೂ ಬೇಡನ ಬಾಣ ತಗುಲಿದ್ದು ಪಾದಕ್ಕೇ ಅಲ್ಲವೇ!

ದೇಹದಲ್ಲಿ ಇದಕ್ಕಿಂತ ದಪ್ಪವಾದ, ಗಟ್ಟಿಯಾದ ರಜ್ಜು ಇನ್ನೊಂದಿಲ್ಲ. ಓಡುವಾಗ ಇದರ ಮೇಲೆ ದೇಹದ ತೂಕದ ಆರೆಂಟು ಪಟ್ಟು ಎಳೆತ ಬೀಳುತ್ತದೆ. ಆದರೆ ಇದಕ್ಕೆ ರಕ್ತದ ಸರಬರಾಜು ಕಡಿಮೆ. ಹಿಮ್ಮಡಿ ಮೂಳೆಯಿಂದ 2 ರಿಂದ 6 ಸೆಂಟಿಮೀಟರ್ ಮೇಲಿನ ಭಾಗದಲ್ಲಂತೂ ಇನ್ನೂ ಕಡಿಮೆ. ಕಾಲುವೆಯ ಕೊನೆಯ ಗದ್ದೆಯಂತೆ ಅದರ ಸ್ಥಿತಿ. ನೋವು ಹೆಚ್ಚಾಗಿ ಕಾಣಿಸಿಕೊಳ್ಳುವುದೂ, ನರ ಕಿತ್ತುಹೋಗುವುದೂ ಸಾಮಾನ್ಯವಾಗಿ ಅಲ್ಲಿಯೇ.

ನೋವು ಏಕೆ ಬರುತ್ತದೆ?

ಕೆಲಸದಿಂದಲೇ ನರ ಕೆಡುವುದಿಲ್ಲ. ರೂಢಿಯಿಲ್ಲದ ಕೆಲಸ ಒಮ್ಮೆಲೇ ಬಿದ್ದಾಗ ಕೆಡುತ್ತದೆ. ಬೇಸಿಗೆಯಲ್ಲಿ ಎರಡು ಮೂರು ತಿಂಗಳು ಹೆಚ್ಚು ನಡೆಯದೆ ಇದ್ದವರು ಮಳೆ ಬಿದ್ದ ಕೂಡಲೇ ದಿನಕ್ಕೆ ಎಂಟು ಗಂಟೆ ಟಿಲ್ಲರ್ ಹಿಂದೆ ಕೆಸರಿನಲ್ಲಿ ನಡೆಯುತ್ತಾರೆ. ಕೆಸರಿನಲ್ಲಿ ಹಿಮ್ಮಡಿ ಆಳಕ್ಕೆ ಇಳಿಯುತ್ತದೆ, ನರ ಪೂರ್ತಿ ಎಳೆಯುತ್ತದೆ; ಅದೇ ಸ್ಥಿತಿಯಲ್ಲಿ ಪಾದವನ್ನು ಕಿತ್ತು ಮುಂದಿಡಬೇಕು. 16 ಲೀಟರಿನ ಪಂಪು ಬೆನ್ನಿಗೇರಿಸಿ ಔಷಧಿ ಹೊಡೆಯುವವರಿಗೆ, ಮೂಟೆ ಹೊತ್ತು ಇಳಿಜಾರು ಹತ್ತುವವರಿಗೆ, ಅಡಿಕೆ ಮರ ಹತ್ತುವ ಕೊನೆಗಾರರಿಗೆ ಇದೇ ತೊಂದರೆ. ಹಿಮ್ಮಡಿ ಸವೆದು ಹಾಳೆಯಂತಾದ ಹವಾಯಿ ಚಪ್ಪಲಿಯೂ ನೋವನ್ನು ಹೆಚ್ಚಿಸುತ್ತದೆ. ವಯಸ್ಸು, ದೇಹದ ಹೆಚ್ಚಿನ ತೂಕ, ಸಕ್ಕರೆ ಕಾಯಿಲೆ ಇವುಗಳೂ ಸೇರಿದರೆ ನರ ಬೇಗ ಸೋಲುತ್ತದೆ.

ಹೀಗೆ ಸೋತ ನರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಳೆಗಳು ಸಾಲು ತಪ್ಪಿ ಸಡಿಲಗೊಂಡಿರುತ್ತವೆ. ಬಾವಿಯ ರಾಟೆಗೆ ಉಜ್ಜಿ ಹಗ್ಗದ ಎಳೆ ಬಿಚ್ಚಿಕೊಂಡಂತೆ ಎಂದು ತಿಳಿಯಿರಿ. ಆದರೆ ಹಗ್ಗಕ್ಕೂ ನರಕ್ಕೂ ದೊಡ್ಡ ವ್ಯತ್ಯಾಸವಿದೆ. ಹಗ್ಗ ತನ್ನನ್ನು ತಾನೇ ಹೊಸೆದುಕೊಳ್ಳುವುದಿಲ್ಲ, ನರ ಹೊಸೆದುಕೊಳ್ಳುತ್ತದೆ. ಹಾಗೆ ಹೊಸೆದುಕೊಳ್ಳಲು ಅದಕ್ಕೆ ಅಳತೆಯ ಎಳೆತ ಬೇಕು. ಪೂರ್ತಿ ವಿಶ್ರಾಂತಿಯಲ್ಲಿ ನೋವು ಅಡಗುತ್ತದೆ, ನರ ಮಾತ್ರ ಇನ್ನಷ್ಟು ದುರ್ಬಲವಾಗುತ್ತದೆ. ನಮ್ಮ ರೈತರಿಗೆ ನೋವು ಮರಳಿ ಬಂದದ್ದು ಈ ಕಾರಣದಿಂದಲೇ.

ಗುರುತಿಸುವುದು ಹೇಗೆ?

ಬೆಳಿಗ್ಗೆ ಎದ್ದಾಗ ಬಿಗಿತ, ಮೊದಲ ಹೆಜ್ಜೆಗಳಲ್ಲಿ ನೋವು, ನರವನ್ನು ಎರಡು ಬೆರಳುಗಳ ನಡುವೆ ಹಿಡಿದು ಒತ್ತಿದರೆ ನೋವು, ಇನ್ನೊಂದು ಕಾಲಿಗಿಂತ ನರ ದಪ್ಪವಾಗಿರುವುದು ಇದರ ಲಕ್ಷಣಗಳು. ನೋವು ಹಿಮ್ಮಡಿಯ ಅಡಿಯಲ್ಲಿದ್ದರೆ ಅದು ಬೇರೆ ತೊಂದರೆ. ಹಿಂಭಾಗದಲ್ಲಿ ನರ ಮೂಳೆಗೆ ಅಂಟುವ ಜಾಗದಲ್ಲಿದೆಯೋ, ಅದಕ್ಕಿಂತ ಮೇಲಿದೆಯೋ ಎಂಬುದನ್ನೂ ನೋಡಿಕೊಳ್ಳಿ. ವ್ಯಾಯಾಮದಲ್ಲಿ ಸ್ವಲ್ಪ ವ್ಯತ್ಯಾಸವಿದೆ. ಎರಡೂ ಕಾಲುಗಳಲ್ಲಿ ನರ ಗಂಟುಗಂಟಾಗಿ ದಪ್ಪವಾಗಿದ್ದರೆ ರಕ್ತದಲ್ಲಿ ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಬೇಕು. ಕೆಲವು ಮನೆತನಗಳಲ್ಲಿ ಹುಟ್ಟಿನಿಂದಲೇ ಕೊಲೆಸ್ಟರಾಲ್ ಹೆಚ್ಚಿದ್ದು, ಅದು ಹೀಗೆ ಕಾಣಿಸಿಕೊಳ್ಳುವುದುಂಟು.

ಮಾಡಬಾರದ್ದು

1. ನರದೊಳಕ್ಕೆ ಸ್ಟೀರಾಯ್ಡ್ ಚುಚ್ಚುಮದ್ದು ಹಾಕಿಸಿಕೊಳ್ಳಬಾರದು. ನೋವು ಹೋಗುವುದರಿಂದ ಕಾಲು ಗುಣವಾಯಿತೆಂದು ದುಡಿಯುತ್ತೇವೆ. ಒಳಗೆ ನರದ ಬಲ ಕುಂದಿ ಹರಿಯುವ ಅಪಾಯವಿದೆ.

2. ನೋವಿನ ಮಾತ್ರೆ ನುಂಗಿಕೊಂಡು ತಿಂಗಳುಗಟ್ಟಲೆ ಕೆಲಸ ಮಾಡಬಾರದು. ಹೊಟ್ಟೆ, ಮೂತ್ರಪಿಂಡ ಎರಡಕ್ಕೂ ಕೆಡುಕು.

3. ಬರೆ ಹಾಕಿಸುವುದು, ನರ ಎಳೆಸುವುದು, ನೋವಿನ ಜಾಗವನ್ನು ಬಲವಾಗಿ ತಿಕ್ಕಿಸುವುದು ಬೇಡ. ಬಿಸಿ ನೀರಿನ ಶಾಖ, ಎಣ್ಣೆ ಸವರುವುದು ಹಿತವೆನಿಸಿದರೆ ಅಡ್ಡಿಯಿಲ್ಲ.

4. ಸಿಪ್ರೋಫ್ಲಾಕ್ಸಸಿನ್, ಲೆವೊಫ್ಲಾಕ್ಸಸಿನ್ ಮುಂತಾದ ಮಾತ್ರೆಗಳನ್ನು ಜ್ವರ, ಭೇದಿ, ಉರಿಮೂತ್ರ ಎಂದು ಔಷಧಿ ಅಂಗಡಿಯಿಂದ ನೀವೇ ಕೇಳಿ ತರಬೇಡಿ. ಈ ಗುಂಪಿನ ಔಷಧಿಗಳಿಂದ ಹಿಮ್ಮಡಿ ನರ ಕೆಡುವುದುಂಟು, ಹರಿಯುವುದೂ ಉಂಟು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲಿ ಇವುಗಳ ಮೇಲೆ ಕಡ್ಡಾಯ ಎಚ್ಚರಿಕೆ ಹಾಕಿಸಿತು. 60 ದಾಟಿದವರಿಗೂ, ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೂ ಅಪಾಯ ಹೆಚ್ಚು. ನರ ನೋವಿರುವವರು ಆ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ಕೂಡಲೇ ಮಾಡಬೇಕಾದದ್ದು

ಕೆಲಸ ಪೂರ್ತಿ ನಿಲ್ಲಿಸಬೇಕಾಗಿಲ್ಲ, ಕಡಿಮೆ ಮಾಡಿದರೆ ಸಾಕು. ಕೆಸರಿನಲ್ಲಿ ನಡೆಯುವುದು, ಭಾರ ಹೊತ್ತು ದಿಬ್ಬ ಹತ್ತುವುದು, ಹಾರುವುದು, ಓಡುವುದು ಇಷ್ಟನ್ನು ಕೆಲವು ವಾರ ಬೇರೆಯವರಿಗೆ ಒಪ್ಪಿಸಿ. ಸಮತಟ್ಟಾದ ಜಾಗದ ಕೆಲಸ, ಕುಳಿತು ಮಾಡುವ ಕೆಲಸ ನೀವು ಮಾಡಿ. ಕುಕ್ಕುರುಗಾಲಿನಲ್ಲಿ ಕೂರುವುದರಿಂದ ನೋವು ಹೆಚ್ಚಿದರೆ ಮಣೆ ಹಾಕಿಕೊಳ್ಳಿ. ಹಳೆಯ ರಬ್ಬರ್ ಚಪ್ಪಲಿಯಿಂದ ಒಂದು ಸೆಂಟಿಮೀಟರ್ ದಪ್ಪದ ತುಂಡು ಕತ್ತರಿಸಿ ಎರಡೂ ಚಪ್ಪಲಿಗಳ ಹಿಮ್ಮಡಿ ಭಾಗಕ್ಕೆ ಅಂಟಿಸಿಕೊಳ್ಳಿ. ಹಿಮ್ಮಡಿ ಅಷ್ಟು ಎತ್ತರಕ್ಕೇರಿದರೆ ನರದ ಎಳೆತ ಕಡಿಮೆಯಾಗುತ್ತದೆ. ಒಂದೇ ಕಾಲಿಗೆ ಹಾಕಿದರೆ ಸೊಂಟ ನೋಯಬಹುದು.

ಮುಖ್ಯ ಚಿಕಿತ್ಸೆ: ಮೆಟ್ಟಿಲಿನ ವ್ಯಾಯಾಮ

ಸ್ವೀಡನ್ ದೇಶದ ವೈದ್ಯ ಹಾಕನ್ ಆಲ್ಫ್ರೆಡ್‌ಸನ್ ಅವರಿಗೇ ಈ ನೋವಿತ್ತು. ಶಸ್ತ್ರಚಿಕಿತ್ಸೆ ಮಾಡಿ ಎಂದು ತಮ್ಮ ಹಿರಿಯ ವೈದ್ಯರನ್ನು ಕೇಳಿದರೆ ಅವರು ಒಪ್ಪಲಿಲ್ಲವಂತೆ. ನರ ಕಿತ್ತೇ ಹೋಗಲಿ, ಆಗಲಾದರೂ ಒಪ್ಪಿಯಾರು ಎಂದು ನೋವಿನ ಕಾಲಿನ ಮೇಲೆ ಭಾರ ಹೇರಿ ಹಿಮ್ಮಡಿ ಇಳಿಸುವ ಕಸರತ್ತು ಮಾಡಿದರು. ನರ ಕಿತ್ತುಹೋಗಲಿಲ್ಲ, ನೋವೇ ಹೋಯಿತು! ಮುಂದೆ 15 ಜನ ಓಟಗಾರರಿಗೆ 12 ವಾರ ಇದೇ ವ್ಯಾಯಾಮ ಮಾಡಿಸಿ 1998ರಲ್ಲಿ ಫಲಿತಾಂಶ ಪ್ರಕಟಿಸಿದರು. 15 ಜನರೂ ಮತ್ತೆ ಓಡಲಾರಂಭಿಸಿದ್ದರು. ಎಲ್ಲರಿಗೂ ಅಷ್ಟು ಪೂರ್ಣ ಗುಣ ಸಿಗುವುದಿಲ್ಲ ಎಂದು ಆಮೇಲೆ ತಿಳಿದುಬಂದಿದೆ. ಆದರೂ ಇಂದಿಗೂ ಮೊದಲ ಚಿಕಿತ್ಸೆ ವ್ಯಾಯಾಮವೇ.

ಕ್ರಮ ಹೀಗಿದೆ. ಜಗುಲಿಯ ಮೆಟ್ಟಿಲಿನ ಅಂಚಿನಲ್ಲಿ ಪಾದದ ಮುಂಭಾಗ ಮಾತ್ರ ಊರಿ, ಕಂಬ ಹಿಡಿದು ನಿಲ್ಲಿ. ಎರಡೂ ಕಾಲುಗಳಿಂದ ತುದಿಗಾಲಿಗೆ ಏಳಿ. ಈಗ ಭಾರವನ್ನೆಲ್ಲ ನೋವಿನ ಕಾಲಿಗೆ ಹಾಕಿ, ಒಂದು, ಎರಡು, ಮೂರು ಎಂದು ಎಣಿಸುತ್ತಾ ಹಿಮ್ಮಡಿಯನ್ನು ಮೆಟ್ಟಿಲಿನ ಮಟ್ಟಕ್ಕಿಂತ ಕೆಳಕ್ಕೆ ನಿಧಾನವಾಗಿ ಇಳಿಸಿ. ಮತ್ತೆ ಮೇಲೇಳಲು ಚೆನ್ನಾಗಿರುವ ಕಾಲನ್ನು ಬಳಸಿ. ಹೀಗೆ 15 ಸಲ ಮಾಡಿ ಒಂದೆರಡು ನಿಮಿಷ ನಿಲ್ಲಿ. ಮಂಡಿ ನೇರವಾಗಿಟ್ಟು ಇಂತಹ ಮೂರು ಸುತ್ತು, ಮಂಡಿ ಸ್ವಲ್ಪ ಬಗ್ಗಿಸಿ ಮೂರು ಸುತ್ತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಒಟ್ಟು 12 ವಾರ.

ಮೊದಲ ದಿನವೇ ಇಷ್ಟು ಸಾಧ್ಯವಾಗದವರು ಎರಡೂ ಕಾಲುಗಳ ಮೇಲೆ ಭಾರ ಹಂಚಿಕೊಂಡು, ಕಡಿಮೆ ಸಂಖ್ಯೆಯಿಂದ ಆರಂಭಿಸಲಿ. ನರ ಮೂಳೆಗೆ ಅಂಟುವ ಜಾಗದಲ್ಲೇ ನೋವಿರುವವರು ಮೆಟ್ಟಿಲಿನ ಬದಲು ನೆಲದ ಮೇಲೆ ಮಾಡಬೇಕು. ಹಿಮ್ಮಡಿ ನೆಲಕ್ಕೆ ತಾಗಿದರೆ ಸಾಕು, ಕೆಳಗೆ ಇಳಿಯಬಾರದು.

ಮಾಡುವಾಗ ಸ್ವಲ್ಪ ನೋವಾಗುತ್ತದೆ, ಹೆದರಬೇಕಾಗಿಲ್ಲ. ಅಳತೆ ಹೀಗಿರಲಿ: ನೋವನ್ನು ಹತ್ತು ಪೈಸೆ ಎಂದು ಎಣಿಸಿದರೆ ಐದು ಪೈಸೆಯೊಳಗಿರಬೇಕು, ಮಾರನೆಯ ಬೆಳಿಗ್ಗೆಯೊಳಗೆ ಇಳಿದಿರಬೇಕು. ಇಳಿಯದಿದ್ದರೆ ಆ ದಿನದ ಸುತ್ತುಗಳನ್ನು ಕಡಿಮೆ ಮಾಡಿ. ಸುಲಭವೆನಿಸಿದಾಗ ಬೆನ್ನಿನ ಚೀಲದಲ್ಲಿ ಐದು ಕಿಲೋ ಧಾನ್ಯ ಹಾಕಿಕೊಳ್ಳಿ, ಮುಂದೆ ಸ್ವಲ್ಪಸ್ವಲ್ಪ ಹೆಚ್ಚಿಸಿ. ದಿನಕ್ಕೆರಡು ಸಲ ಬಿಡುವಾಗದವರಿಗೆ ಇನ್ನೊಂದು ದಾರಿಯಿದೆ. ವಾರಕ್ಕೆ ಮೂರು ದಿನ, ಹೆಚ್ಚು ಭಾರದೊಂದಿಗೆ ಬಹಳ ನಿಧಾನವಾಗಿ ಏರಿ ಇಳಿಯುವ ವ್ಯಾಯಾಮವೂ ಅಷ್ಟೇ ಫಲ ಕೊಡುತ್ತದೆಂದು 2015ರಲ್ಲಿ ಡೆನ್ಮಾರ್ಕಿನಲ್ಲಿ ಕಂಡುಬಂದಿದೆ. ಅದನ್ನು ಫಿಸಿಯೋಥೆರಪಿ ಬಲ್ಲವರಿಂದ ಕಲಿತು ಮಾಡುವುದು ಮೇಲು.

12 ವಾರ ಬಹಳವಾಯಿತೆಂದು ಕೆಲವರು ಎರಡನೆಯ ವಾರಕ್ಕೇ ಬಿಡುತ್ತಾರೆ. ರಾಗಿಗೆ ಮೂರೂವರೆ ನಾಲ್ಕು ತಿಂಗಳು ಕಾಯುವವರು ನಾವು. ಹದಿನೈದು ದಿನಕ್ಕೆ ತೆನೆ ಬರಲಿಲ್ಲವೆಂದು ಹೊಲ ಉಳುವುದಿಲ್ಲ. ನರವೂ ತನ್ನ ಕಾಲ ತೆಗೆದುಕೊಳ್ಳುತ್ತದೆ. ಮಾರ್ಚ್ ತಿಂಗಳಲ್ಲಿ ಆರಂಭಿಸಿದರೆ ಮುಂಗಾರಿನ ಹೊತ್ತಿಗೆ ಕಾಲು ಸಿದ್ಧವಾಗಿರುತ್ತದೆ. ಕೆಸರಿಗೆ ಇಳಿದ ಮೊದಲ ದಿನ ಎರಡು ಗಂಟೆ, ಮರುದಿನ ಮೂರು ಗಂಟೆ ಹೀಗೆ ಹೆಚ್ಚಿಸುತ್ತಾ ಹೋಗಿ. ಹೊಸ ಎತ್ತನ್ನು ನೊಗಕ್ಕೆ ಹೂಡುವಾಗ ಈ ಎಚ್ಚರವನ್ನು ನಾವು ವಹಿಸುತ್ತೇವೆ.

ಅಂದೇ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭ

ಫಟ್ಟೆಂದು ಸದ್ದಾಗಿ ಅಥವಾ ಹಿಂದಿನಿಂದ ಒದ್ದಂತಾಗಿ, ಆ ಕಾಲಿನ ತುದಿಬೆರಳಿನ ಮೇಲೆ ನಿಲ್ಲಲಾಗದಿದ್ದರೆ ನರ ಹರಿದಿರಬಹುದು. ಒಂದು ಸುಲಭ ಪರೀಕ್ಷೆಯಿದೆ. ರೋಗಿಯನ್ನು ಬೋರಲಾಗಿ ಮಲಗಿಸಿ, ಪಾದ ಮಂಚದಿಂದ ಹೊರಗಿರುವಂತೆ ಮಾಡಿ, ಮೀನಗಂಡವನ್ನು ಕೈಯಿಂದ ಹಿಂಡಬೇಕು. ಚೆನ್ನಾಗಿರುವ ಕಾಲಾದರೆ ಪಾದ ಕೆಳಕ್ಕೆ ಬಾಗುತ್ತದೆ. ನರ ಹರಿದಿದ್ದರೆ ಪಾದ ಅಲುಗುವುದಿಲ್ಲ. ವಿಸ್ತರಣಾ ಕಾರ್ಯಕರ್ತರು ಇದನ್ನು ಕಲಿತಿಟ್ಟುಕೊಳ್ಳಿ. ನಡೆಯಲು ಬರುತ್ತದೆ, ನೋವೂ ಅಷ್ಟಿಲ್ಲ ಎಂದು ಮನೆಯಲ್ಲಿ ಕೂರಬಾರದು. ಬೇಗ ಬಂದರೆ ಪಾದವನ್ನು ಕೆಳಕ್ಕೆ ಬಾಗಿಸಿ ಪಟ್ಟು ಹಾಕಿಯೋ, ಶಸ್ತ್ರಚಿಕಿತ್ಸೆಯಿಂದಲೋ ಕೂಡಿಸಬಹುದು. ತಿಂಗಳು ಕಳೆದರೆ ತುದಿಗಳು ದೂರ ಸರಿದು ಚಿಕಿತ್ಸೆ ಕಷ್ಟವಾಗುತ್ತದೆ. ನರದ ಜಾಗ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೂ, ಮೀನಗಂಡವೇ ಊದಿ ನೋಯುತ್ತಿದ್ದರೂ ತಡಮಾಡಬಾರದು. ಮೂರು ತಿಂಗಳ ವ್ಯಾಯಾಮದಿಂದಲೂ ಗುಣ ಕಾಣದಿದ್ದರೆ ಮೂಳೆ ವೈದ್ಯರಿಗೆ ತೋರಿಸಿ.

ಮೊದಲು ಹೇಳಿದ ಆ ರೈತರ ನರ ಕೂಡಿತು. ಪಟ್ಟು ಬಿಚ್ಚಿದ ಮೇಲೆ ಇದೇ ವ್ಯಾಯಾಮವನ್ನು, ತುಂಬಾ ನಿಧಾನವಾಗಿ, ನನ್ನ ಕಣ್ಣೆದುರಿಗೇ ಆರಂಭಿಸಿದರು. ಮರುವರ್ಷ ಗದ್ದೆಗೆ ಇಳಿದರು. ಆದರೆ ಮೊದಲಿನಂತೆ ಮೂಟೆ ಹೊತ್ತು ಬದು ಹತ್ತಲಾರರು. "ಈ ಮೆಟ್ಟಿಲು ನಮ್ಮ ಮನೆಯಲ್ಲೇ ಇತ್ತಲ್ಲ ಡಾಕ್ಟ್ರೇ, ಮೊದಲೇ ಹೇಳಬಾರದಿತ್ತೇ?" ಎಂದು ಒಮ್ಮೆ ಕೇಳಿದರು. ನಿಮ್ಮ ಮನೆಯಲ್ಲಿಯೂ ಮೆಟ್ಟಿಲಿದೆ. ಈ ಮಾತನ್ನು ನಿಮಗೆ ಮೊದಲೇ ಹೇಳಿದ್ದೇನೆ. ಊರಿಗೆ ಹೋದ ಮೇಲೆ ಕುಂಟುತ್ತಿರುವ ನೆರೆಯವರಿಗೂ ನೀವು ಹೇಳಿ.