ಎಣ್ಣೆಗೆ ನೀರೇ ಕಾವಲು

ಕುಂದಾಪುರ, ಬೈಂದೂರು, ಬ್ರಹ್ಮಾವರ, ಮೂರೂ ಕಡೆಯವರು ಇವತ್ತು ಇಲ್ಲಿ ಕೂತಿದ್ದೀರಿ. ಒಂದು ಪ್ರಶ್ನೆ ಕೇಳಿಯೇ ಶುರು ಮಾಡ್ತೇನೆ. ತುರ್ತು ಕಾಲಕ್ಕೆಂದು ದೇಶ ಕೂಡಿಟ್ಟಿರುವ ಕಚ್ಚಾ ತೈಲದ ದೊಡ್ಡ ಉಗ್ರಾಣ ಎಲ್ಲಿದೆ? ಮುಂಬೈ ಅಂದ್ರಾ? ಗುಜರಾತ್? ಅಲ್ಲ ಮಾರಾಯ್ರೆ. ನಮ್ಮದೇ ಉಡುಪಿ ಜಿಲ್ಲೆ, ಕಾಪು ತಾಲೂಕಿನ ಪಾದೂರು. ನೆಲದ ಅಡಿಯಲ್ಲಿದೆ.

ಎಣ್ಣೆ ಅಂದ ಕೂಡಲೇ ಹಿಂದಿನ ಬೆಂಚಿನವರು ನಗ್ತಾ ಇದ್ದೀರಿ. ಆ ಎಣ್ಣೆ ಅಲ್ಲ.

ಲೆಕ್ಕ ಕೇಳಿ. ಮೊದಲ ಹಂತದಲ್ಲಿ ಮೂರು ಕಡೆ ಉಗ್ರಾಣ ಮಾಡಿದರು. ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್, ಪಾದೂರಿನಲ್ಲಿ 25 ಲಕ್ಷ ಟನ್. ಅಂದರೆ ಒಟ್ಟು ಸಾಮರ್ಥ್ಯದ ಮುಕ್ಕಾಲು ಪಾಲು ನಮ್ಮ ಕರಾವಳಿಯ ಬಂಡೆಯೊಳಗಿದೆ. ಮೂರೂ ತುಂಬಿದ್ದರೆ ದೇಶಕ್ಕೆ ಒಂಬತ್ತೂವರೆ ದಿನಕ್ಕೆ ಸಾಕು ಅನ್ನುತ್ತದೆ ಸರ್ಕಾರ.

ಇಷ್ಟಕ್ಕೆ ಇಷ್ಟೆಲ್ಲಾ ಬೇಕಿತ್ತಾ ಅಂತ ಕೇಳಬಹುದು. ಬೇಕಿತ್ತು. ನಾವು ಉರಿಸುವ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಪಾಲು ಹೊರಗಿಂದ ಬರುತ್ತದೆ. ಹಾರ್ಮುಜ್ ಜಲಸಂಧಿಯಲ್ಲಿ ಗುಂಡಿನ ಸದ್ದಾದರೆ ಗಂಗೊಳ್ಳಿ ಬಂದರಿನ ಬೋಟಿನ ಡೀಸೆಲ್ಲಿಗೂ, ಮರವಂತೆಯ ನಾಡದೋಣಿಯ ಸೀಮೆಎಣ್ಣೆಗೂ ಅದರ ಬಿಸಿ ತಟ್ಟುತ್ತದೆ. 2020ರ ಏಪ್ರಿಲ್, ಮೇ ತಿಂಗಳಲ್ಲಿ ಲಾಕ್‌ಡೌನ್‌ನಿಂದ ತೈಲದ ಬೆಲೆ ನೆಲ ಕಚ್ಚಿತ್ತಲ್ಲ, ಆಗ ಬ್ಯಾರೆಲ್ಲಿಗೆ ಸರಾಸರಿ 19 ಡಾಲರಿನಂತೆ ಕೊಂಡು ಈ ಗುಹೆಗಳನ್ನು ತುಂಬಿಸಿದರು. 5,000 ಕೋಟಿ ರೂಪಾಯಿ ಉಳಿಯಿತು ಅಂತ ಕೇಂದ್ರ ಸರ್ಕಾರವೇ ಹೇಳಿತು. ಒಳ್ಳೆಯ ಕೆಲಸ. ಒಳ್ಳೆಯದನ್ನು ಒಳ್ಳೆಯದು ಅಂತಲೇ ಹೇಳಬೇಕು.

ಈಗ ನನ್ನೊಳಗಿನ ಇಂಜಿನಿಯರ್‌ಗೆ ಎರಡು ನಿಮಿಷ ಮಾತಾಡಲು ಬಿಡಿ. ಪಾದೂರಿನಲ್ಲಿ ನೆಲದಡಿ ಉಕ್ಕಿನ ಟ್ಯಾಂಕ್ ಹೂತಿಟ್ಟಿದ್ದಾರೆ ಅಂದುಕೊಂಡಿದ್ದೀರಾ? ಇಲ್ಲ. ಗಟ್ಟಿ ಬಂಡೆ ಕೊರೆದು, ಹತ್ತು ಮಾಳಿಗೆ ಎತ್ತರದ ಸುರಂಗ ಮಾಡಿ, ಬರೀ ಕಲ್ಲಿನ ಗೋಡೆಯ ನಡುವೆ ತೈಲ ತುಂಬಿದ್ದಾರೆ. ಉಕ್ಕಿನ ಹೊದಿಕೆ ಇಲ್ಲ. ಬಂಡೆಯಲ್ಲಿ ಬಿರುಕು ಇದ್ದೇ ಇರುತ್ತದೆ. ಹಾಗಾದರೆ ತೈಲ ಯಾಕೆ ಸೋರಿ ಹೋಗುವುದಿಲ್ಲ? ಸುತ್ತಲಿನ ಅಂತರ್ಜಲ ಅದನ್ನು ಒಳಕ್ಕೆ ಒತ್ತಿ ಹಿಡಿದಿರುತ್ತದೆ. ಬಿರುಕಿನಲ್ಲಿರುವ ನೀರಿನ ಒತ್ತಡ ಒಳಗಿನ ತೈಲದ ಒತ್ತಡಕ್ಕಿಂತ ಜಾಸ್ತಿ ಇರಬೇಕು. ಆಗ ನೀರು ಸ್ವಲ್ಪ ಸ್ವಲ್ಪವೇ ಗುಹೆಯೊಳಗೆ ಜಿನುಗುತ್ತದೆ, ತೈಲ ಮಾತ್ರ ಹೊರಗೆ ಬರುವುದಿಲ್ಲ. ಜಿನುಗಿದ ನೀರು ಭಾರ, ತಳಕ್ಕೆ ಇಳಿಯುತ್ತದೆ. ಅದನ್ನು ಪಂಪ್ ಮಾಡಿ ಮೇಲೆ ತಂದು ಶುದ್ಧೀಕರಿಸಬೇಕು. ಒತ್ತಡ ಕಡಿಮೆಯಾಗದಿರಲಿ ಅಂತ ಗುಹೆಯ ನೆತ್ತಿಯ ಮೇಲೆ ಸಾಲು ಕೊಳವೆ ಕೊರೆದು ನೀರು ತುಂಬಿಸಿಟ್ಟಿರುತ್ತಾರೆ. ನೀರಿನ ಪರದೆ ಅಂತ ಅದರ ಹೆಸರು.

ಇದು ನಿಮಗೆ ಹೊಸ ವಿಷಯವೇ ಅಲ್ಲ. ಪಂಚಗಂಗಾವಳಿಯ ದಡದವರನ್ನು ಕೇಳಿ. ಮಳೆ ನಿಂತ ಮೇಲೆ ಕಿಂಡಿ ಅಣೆಕಟ್ಟಿಗೆ ಹಲಗೆ ಯಾಕೆ ಹಾಕ್ತೀರಿ? ಸಿಹಿನೀರು ಎತ್ತರಕ್ಕೆ ನಿಂತರೆ ಉಪ್ಪುನೀರು ಮೇಲೆ ಬರುವುದಿಲ್ಲ. ಹಲಗೆ ತಡವಾದರೆ ಗದ್ದೆಗೂ ಉಪ್ಪು, ಬಾವಿಗೂ ಉಪ್ಪು. ಇಲ್ಲಿ ಸಿಹಿನೀರು ಸಮುದ್ರವನ್ನು ತಡೆದು ನಿಲ್ಲಿಸುತ್ತದೆ, ಪಾದೂರಿನಲ್ಲಿ ತೈಲವನ್ನು. ಅಷ್ಟೇ ವ್ಯತ್ಯಾಸ.

ಹಾಗಾಗಿ ಪಾದೂರಿನ ಬಾವಿಯ ಬಗ್ಗೆ ಮಾತಾಡುವವರನ್ನು ಅಭಿವೃದ್ಧಿ ವಿರೋಧಿ ಅಂತ ಕರೆಯುವವರಿಗೆ ನಾನು ಹೇಳುವುದಿಷ್ಟು: ಸ್ವಾಮಿ, ಆ ಬಾವಿಯ ನೀರೂ ನಿಮ್ಮ ತೈಲಕ್ಕೆ ಕಾವಲು ನಿಂತಿರುವ ನೀರೂ ಒಂದೇ ನೆಲದ್ದು. ಅಂತರ್ಜಲ ಕುಸಿದರೆ ಮೊದಲು ಊರಿನವರ ಕೊಡ ಬರಿದಾಗುತ್ತದೆ, ಆಮೇಲೆ ದೇಶದ ಉಗ್ರಾಣಕ್ಕೇ ತೊಂದರೆ. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಜಿಲ್ಲೆ ನಮ್ಮದು. ಆದರೂ ಏಪ್ರಿಲ್, ಮೇ ಬಂತೆಂದರೆ ಪಂಚಾಯತ್ ಟ್ಯಾಂಕರ್ ಕಾಯುವ ಊರುಗಳಿವೆ.

ಕಾಪು ತಾಲೂಕಿನವರಿಗೆ ಭಯ ಸುಮ್ಮನೆ ಬಂದಿಲ್ಲ. ಪಕ್ಕದ ಎಲ್ಲೂರು, ನಂದಿಕೂರು ನೋಡಿ. ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಯೇ ಇಲ್ಲ. ವಿದೇಶದ ಕಲ್ಲಿದ್ದಲು ಮಂಗಳೂರಿನ ಬಂದರಿಗೆ ಬಂದು, ರೈಲಿನಲ್ಲಿ ಹೋಗಿ, ಅಲ್ಲಿನ 1,200 ಮೆಗಾವಾಟ್ ಸ್ಥಾವರದಲ್ಲಿ ಉರಿಯುತ್ತದೆ. ಬೂದಿ, ಉಪ್ಪುನೀರಿನ ತುಂತುರು, ಕೆಟ್ಟ ಬೆಳೆ ಅಂತ ಊರಿನವರು ವರ್ಷಗಟ್ಟಲೆ ಅಲೆದರು. ಸ್ಥಾವರ ಶುರುವಾಗಿದ್ದು 2010ರಲ್ಲಿ. ಪರಿಸರ ಪರಿಹಾರವಾಗಿ ಸುಮಾರು 52 ಕೋಟಿ ರೂಪಾಯಿ ಕಟ್ಟಬೇಕು ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆದೇಶ ಕೊಟ್ಟಿದ್ದು 2022ರಲ್ಲಿ. ನಡುವಿನ ಹನ್ನೆರಡು ವರ್ಷ ಆ ಬಾವಿಯ ನೀರು ಕುಡಿದವರು ಯಾರು?

ಅದಕ್ಕೇ ಈ ಮಾತನ್ನು ಈಗಲೇ ಆಡಬೇಕು. 2021ರ ಜುಲೈಯಲ್ಲಿ ಕೇಂದ್ರ ಸಂಪುಟ ಎರಡನೇ ಹಂತಕ್ಕೆ ಒಪ್ಪಿಗೆ ಕೊಟ್ಟಿದೆ. ಒಡಿಶಾದ ಚಂಡಿಖೋಲ್‌ನಲ್ಲಿ 40 ಲಕ್ಷ ಟನ್, ಪಾದೂರಿನಲ್ಲೇ ಇನ್ನೂ 25 ಲಕ್ಷ ಟನ್. ಈ ಸಲ ಖಾಸಗಿ ಸಹಭಾಗಿತ್ವದಲ್ಲಿ. ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಬಂಡೆಗೆ ಸಿಡಿಮದ್ದು ಇಡುವ ಮೊದಲು ಸುತ್ತಲಿನ ಪ್ರತಿ ಬಾವಿಯ ನೀರಿನ ಮಟ್ಟ, ಪ್ರತಿ ಮನೆಯ ಗೋಡೆಯ ಸ್ಥಿತಿ ಬರೆದಿಡಲಿ. ಮನೆಯವರ ಸಹಿ ಹಾಕಿಸಿ ಒಂದು ಪ್ರತಿ ಅವರ ಕೈಗೇ ಕೊಡಲಿ. ಆಮೇಲೆ ತಿಂಗಳು ತಿಂಗಳು ಅಳೆದ ಲೆಕ್ಕ ಕನ್ನಡದಲ್ಲಿ ಪಂಚಾಯತ್ ಬೋರ್ಡಿನ ಮೇಲೆ ಬರಲಿ. ತೈಲ ಎಷ್ಟಿದೆ ಅನ್ನುವುದು ದೇಶದ ಗುಟ್ಟಾಗಿರಲಿ, ನಮ್ಮ ಬಾವಿಯ ನೀರು ಎಷ್ಟಿದೆ ಅನ್ನುವುದು ಎಂತ ಗುಟ್ಟು?

ಪಾದೂರಿನ ವಿಷಯ ಕುಂದಾಪುರದಲ್ಲಿ ಯಾಕೆ ಅಂತ ಕೆಲವರ ಮುಖದಲ್ಲಿ ಕಾಣ್ತಾ ಇದೆ. ಕಾರಣ ಇದೆ. ಬೈಂದೂರಿನವರು ಶಿವಮೊಗ್ಗ ಲೋಕಸಭಾ ಕ್ಷೇತ್ರಕ್ಕೆ ಓಟು ಹಾಕ್ತೀರಿ, ಕುಂದಾಪುರ, ಬ್ರಹ್ಮಾವರದವರು ಉಡುಪಿ-ಚಿಕ್ಕಮಗಳೂರಿಗೆ. ಪಾದೂರಿನವರ ಕೈಯಲ್ಲಿರುವುದು ಒಬ್ಬರೇ ಸಂಸದರು. ನೀವೆಲ್ಲ ಜತೆಗೂಡಿದರೆ ದಿಲ್ಲಿಯಲ್ಲಿ ಈ ಪ್ರಶ್ನೆಯನ್ನು ಇಬ್ಬರು ಕೇಳಬಹುದು.